‘ಮುಂದಿನ ಜೋರ್ಡನ್’ ಎಂಬ ಹಣೆಪಟ್ಟಿ: ಹತ್ತೊಂಬತ್ತರ ಆಟಗಾರನ ಆಪ್ತಸಲಹೆ ಪ್ರಕರಣ

ಆಟಗಾರನ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿ ಈ ಪ್ರಕರಣವನ್ನು ಆಪ್ತಸಲಹೆಗಾರರಾದ ನಾವು ಬರೆದಿದ್ದೇವೆ.

ವಯಸ್ಸು 19. ಕಾಲೇಜಿನಲ್ಲಿ ಒಂದೇ ವರ್ಷ ಆಡಿ ಡ್ರಾಫ್ಟ್ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕ್ರಮ) ಮೂಲಕ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ಗೆ ಬಂದ ಗಾರ್ಡ್, ಅಂದರೆ ಹೆಚ್ಚಾಗಿ ಚೆಂಡು ಹಿಡಿದು ಆಟ ನಡೆಸುವವ. ಮೊದಲ ತಿಂಗಳು ಎಲ್ಲರ ಕಣ್ಣು ಬೀಳುವಷ್ಟು ಚೆನ್ನಾಗಿ ಆಡಿದ. ಅವನ ಒಂದು ಫೇಡ್‌ಅವೇ ಶಾಟ್‌ನ (ಹಿಂದಕ್ಕೆ ಹಾರುತ್ತ ಎಸೆಯುವ ಶಾಟ್) ವಿಡಿಯೊವನ್ನು ಯಾರೋ ಬ್ಯಾಸ್ಕೆಟ್‌ಬಾಲ್ ದಂತಕಥೆ ಮೈಕಲ್ ಜೋರ್ಡನ್‌ನ ಶಾಟ್ ಪಕ್ಕದಲ್ಲಿಟ್ಟು ಹರಿಯಬಿಟ್ಟರು. ಅಲ್ಲಿಂದಾಚೆಗೆ ಪ್ರತಿ ಸಂದರ್ಶನದಲ್ಲೂ ಅದೇ ಪ್ರಶ್ನೆ. ಸೀಸನ್‌ನ ಅರ್ಧದ ಹೊತ್ತಿಗೆ ಅವನ ಶೂಟಿಂಗ್ ಕುಸಿದಿತ್ತು. ಪಂದ್ಯ ಮುಗಿದ ರಾತ್ರಿ ಬೆಳಗಿನ ಜಾವದವರೆಗೂ ನಿದ್ದೆ ಬರುತ್ತಿರಲಿಲ್ಲ, ಮಧ್ಯಂತರದಲ್ಲಿ ಶೌಚಾಲಯಕ್ಕೆ ಹೋಗಿ ಫೋನಿನಲ್ಲಿ ತನ್ನ ಹೆಸರು ಹುಡುಕುತ್ತಿದ್ದ, ಫ್ರೀ ಥ್ರೋ (ಫೌಲ್ ಆದಾಗ ಯಾರೂ ತಡೆಯದೆ ಎಸೆಯಲು ಸಿಗುವ ಅವಕಾಶ) ಗೆರೆಯ ಮೇಲೆ ನಿಂತರೆ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಅವನು ಹೇಳಿದ್ದರಲ್ಲಿ ಮುಖ್ಯವಾದ ಮಾತು ಇದು: “ಚೆಂಡು ಕೈಗೆ ಬಂದ ತಕ್ಷಣ, ಇಲ್ಲಿ ಅವನಾಗಿದ್ದರೆ ಏನು ಮಾಡ್ತಿದ್ದ ಅಂತ ಯೋಚನೆ ಬರುತ್ತೆ. ಅಷ್ಟರಲ್ಲಿ ಡಿಫೆಂಡರ್ ಮೈಮೇಲೆ ಬಂದಿರ್ತಾನೆ.”

ತಂಡದಲ್ಲಿ ಅವನಿಗೆ ಸಿಕ್ಕಿದ್ದ ಸಲಹೆ ‘ಅದನ್ನೆಲ್ಲ ತಲೆಯಿಂದ ತೆಗೆದುಹಾಕು’ ಎಂಬುದು. ಇದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಕೆಲಸ ಮಾಡುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಮತ್ತೆ ಮತ್ತೆ ನೆನಪಾಯಿತು. ಹಾಗಾಗಿ ಜೋರ್ಡನ್‌ನನ್ನು ಮರೆಯುವ ಗುರಿ ಇಟ್ಟುಕೊಳ್ಳಲಿಲ್ಲ. ಹೋಲಿಕೆಯನ್ನು ಬಿಚ್ಚಿ, ಅದರಲ್ಲಿ ಯಾವ ಭಾಗ ಇವನಿಗೆ ಬೇಕು, ಯಾವುದು ಬೇಡ ಎಂದು ಬೇರ್ಪಡಿಸುವುದು ಗುರಿಯಾಯಿತು.

ಮೊದಲ ಭೇಟಿಯಲ್ಲಿ ಖಿನ್ನತೆಗೆ ಪಿಎಚ್‌ಕ್ಯೂ-9, ಆತಂಕಕ್ಕೆ ಜಿಎಡಿ-7 ಪ್ರಶ್ನಾವಳಿಗಳನ್ನು ತುಂಬಿಸಲಾಯಿತು. ಎರಡೂ ಸೌಮ್ಯ ಮಟ್ಟದಲ್ಲಿದ್ದವು. ಒಂದು ವಾರದ ನಿದ್ದೆಯ ದಿನಚರಿ ಬರೆಸಿದೆವು: ಮಲಗಿದ ಹೊತ್ತು, ಎದ್ದ ಹೊತ್ತು, ಕಾಫಿ ಅಥವಾ ಎನರ್ಜಿ ಡ್ರಿಂಕ್ ಕುಡಿದ ಹೊತ್ತು, ಫೋನ್ ಕೆಳಗಿಟ್ಟ ಹೊತ್ತು. ಸಂಜೆ ಪಂದ್ಯಕ್ಕೆ ಮುಂಚೆ ಎರಡು ಎನರ್ಜಿ ಡ್ರಿಂಕ್ ಕುಡಿಯುತ್ತಿದ್ದ ಸಂಗತಿ ಹೊರಬಿದ್ದದ್ದು ಅಲ್ಲೇ. ಕಾಲೇಜು ತಂಡವೊಂದು ವರ್ಷಕ್ಕೆ ಮೂವತ್ತೈದು ಪಂದ್ಯಗಳ ಆಸುಪಾಸು ಆಡುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಸೀಸನ್ 82 ಪಂದ್ಯಗಳದ್ದು. ಅವನು ನಮ್ಮ ಬಳಿ ಬಂದಾಗ, ಹಿಂದೆ ಯಾವ ವರ್ಷದಲ್ಲೂ ಆಡದಷ್ಟು ಪಂದ್ಯಗಳನ್ನು ಆಗಲೇ ಮುಗಿಸಿದ್ದ. ಕಾಲು ಸೋತರೆ ಶಾಟ್ ರಿಂಗ್‌ನ ಮುಂಭಾಗಕ್ಕೆ ತಗುಲಿ ಬೀಳುತ್ತದೆ, ಅವನ ತಪ್ಪಿದ ಶಾಟ್‌ಗಳಲ್ಲಿ ಬಹುಪಾಲು ಹಾಗೆಯೇ ಇದ್ದವು. ದಣಿವಿಗೆ ಅವನು ‘ಅಯೋಗ್ಯತೆ’ ಎಂದು ಹೆಸರಿಟ್ಟುಕೊಂಡಿದ್ದ. ಇಂಥ ಪ್ರಕರಣಗಳಲ್ಲಿ ಮೊದಲು ದೇಹದ ಲೆಕ್ಕ ನೋಡಬೇಕು, ಮನಸ್ಸಿನದು ಆಮೇಲೆ.

ಎರಡನೇ ಭೇಟಿಗೆ ಸಹಾಯಕ ಕೋಚ್ ಒಬ್ಬರಿಂದ ವಿಡಿಯೊ ತರಿಸಿ, ಧ್ವನಿ ತೆಗೆದು, ಸ್ಕೋರ್ ಕಾಣದಂತೆ ಮುಚ್ಚಿ ನೋಡಿದೆವು. ಒಂದು ಆಟದ ತುಣುಕು ಎಲ್ಲವನ್ನೂ ಹೇಳಿತು. ಶಾಟ್ ಕ್ಲಾಕ್‌ನಲ್ಲಿ (ಶಾಟ್ ಎಸೆಯಲು ತಂಡಕ್ಕೆ ಉಳಿದ ಸಮಯ ತೋರಿಸುವ ಗಡಿಯಾರ) 17 ಸೆಕೆಂಡು ಉಳಿದಿದೆ. ಬಲ ಬದಿಯಲ್ಲಿ ಪಿಕ್ ಅಂಡ್ ರೋಲ್: ಜೊತೆಗಾರನೊಬ್ಬ ಡಿಫೆಂಡರ್‌ನ ದಾರಿಗೆ ಅಡ್ಡ ನಿಂತು (ಇದೇ ಸ್ಕ್ರೀನ್), ಆಮೇಲೆ ರಿಂಗ್ ಕಡೆ ಸರಿಯುವ ಆಟ. ಎದುರಾಳಿ ಸೆಂಟರ್ ಪೇಂಟ್‌ನೊಳಕ್ಕೆ (ರಿಂಗ್ ಮುಂದಿನ ಬಣ್ಣ ಬಳಿದ ಜಾಗ) ಹಿಂದೆ ಸರಿದಿದ್ದಾನೆ, ಸ್ಕ್ರೀನ್ ಕೊಟ್ಟ ಜೊತೆಗಾರ ರಿಂಗ್ ಕಡೆ ಉರುಳಿ ಕೈ ಎತ್ತಿದ್ದಾನೆ. ಹುಡುಗನ ಮುಂದೆ ಎರಡು ಡ್ರಿಬಲ್‌ನಷ್ಟು ಖಾಲಿ ಜಾಗವಿದೆ. ಅವನು ಆ ಜಾಗಕ್ಕೆ ನುಗ್ಗದೆ, ಬೆನ್ನು ತಿರುಗಿಸಿ, ತಾನೇ ಡಿಫೆಂಡರ್‌ಗಾಗಿ ಕಾದು, 18 ಅಡಿ ದೂರದಿಂದ ಫೇಡ್‌ಅವೇ ಹಾರಿದ. ಶಾಟ್ ತಪ್ಪಿತು. ‘ಇಲ್ಲಿ ನಿನಗೆ ಏನು ಕಾಣಿಸಿತು?’ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ವಿಡಿಯೊ” ಎಂದ.

ಇಲ್ಲಿಂದ ನಿಜವಾದ ಕೆಲಸ ಶುರುವಾಯಿತು. ಅವನು ನಕಲು ಮಾಡುತ್ತಿದ್ದ ಫೇಡ್‌ಅವೇ ಜೋರ್ಡನ್‌ನ ಗುರುತಾದದ್ದು ವೃತ್ತಿಜೀವನದ ಉತ್ತರಾರ್ಧದಲ್ಲಿ, 1996ರಿಂದ 1998ರವರೆಗಿನ ಮೂರು ಪ್ರಶಸ್ತಿಗಳ ಕಾಲದಲ್ಲಿ. ಆಗ ಜೋರ್ಡನ್‌ಗೆ 33 ದಾಟಿತ್ತು. ಮೊದಲ ಸೀಸನ್ನಿನ ಅಂದರೆ 1984-85ರ ಜೋರ್ಡನ್ ಬೇರೆಯೇ ಆಟಗಾರ. 82 ಪಂದ್ಯಗಳಲ್ಲಿ ಸರಾಸರಿ 28.2 ಅಂಕ, ಅದೂ ಮೂರು ಅಂಕದ ಶಾಟ್‌ಗಳಿಂದ ಬಂದದ್ದಲ್ಲ: ಇಡೀ ವರ್ಷದಲ್ಲಿ ಎಸೆದದ್ದು 52, ಬಿದ್ದದ್ದು 9. ಫ್ರೀ ಥ್ರೋ ಮಾತ್ರ 746 ಬಾರಿ ಎಸೆದ, ಪಂದ್ಯಕ್ಕೆ ಒಂಬತ್ತಕ್ಕೂ ಹೆಚ್ಚು. ರಿಂಗ್‌ಗೆ ನುಗ್ಗಿ, ಪೆಟ್ಟು ತಿಂದು, ಗೆರೆಯ ಮೇಲೆ ನಿಂತು ಗಳಿಸಿದ ಅಂಕಗಳು ಅವು. ನಮ್ಮ ಆಟಗಾರ ಮೊದಲ ವರ್ಷದ ಜೋರ್ಡನ್‌ನನ್ನು ನೋಡಿಯೇ ಇರಲಿಲ್ಲ, ಪೂರ್ಣಗೊಂಡ ಜೋರ್ಡನ್‌ನನ್ನು ಮಾತ್ರ ನೋಡಿದ್ದ.

ವಯಸ್ಸಿನ ಲೆಕ್ಕ ಇನ್ನೂ ಮುಖ್ಯ. ‘ಮೊದಲ ವರ್ಷಕ್ಕೆ ಮೊದಲ ವರ್ಷ’ ಎಂಬ ಹೋಲಿಕೆ ನ್ಯಾಯವಾಗಿ ಕಾಣುತ್ತದೆ, ಆದರೆ ಜನರು ಅತಿ ಹೆಚ್ಚು ಎಡವುವುದು ಅಲ್ಲೇ. ಜೋರ್ಡನ್ ನಾರ್ತ್ ಕ್ಯಾರೊಲಿನಾದಲ್ಲಿ ಮೂರು ವರ್ಷ ಆಡಿ, 21ರಲ್ಲಿ ಎನ್‌ಬಿಎಗೆ ಬಂದವನು. ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದ ನೇರ ಬಂದಾಗ 18. 2003-04ರ ಆ ವರ್ಷ ಲೆಬ್ರಾನ್‌ನ ಸರಾಸರಿ 20.9 ಅಂಕ, ಶಾಟ್‌ಗಳ ಯಶಸ್ಸು ಶೇ. 41.7. ಜೋರ್ಡನ್‌ನದು ಶೇ. 51.5. ಇಷ್ಟೇ ನೋಡಿದವರು ಇಬ್ಬರ ನಡುವೆ ಅಜಗಜಾಂತರವಿದೆ ಅನ್ನುತ್ತಾರೆ. ಆದರೆ ಲೆಬ್ರಾನ್ 21 ತುಂಬಿದ 2005-06ರಲ್ಲಿ, ತನ್ನ ಮೂರನೇ ಸೀಸನ್ನಿನಲ್ಲಿ, 31.4 ಅಂಕಗಳ ಸರಾಸರಿ ಮುಟ್ಟಿದ್ದ. ವಯಸ್ಸಿಗೆ ವಯಸ್ಸು ಇಟ್ಟರೆ ಚಿತ್ರವೇ ತಿರುಗಿಬೀಳುತ್ತದೆ. 19ರ ಹುಡುಗ 21ರ ಜೋರ್ಡನ್‌ನ ಅಂಕಿಗಳ ಮುಂದೆ ತನ್ನನ್ನು ನಿಲ್ಲಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ ಎಂಬುದನ್ನು ಅವನ ಕೈಯಲ್ಲೇ ಬರೆಸಿದೆವು. ಹೇಳಿ ತಿಳಿಸಿದ್ದಕ್ಕಿಂತ ಅವನೇ ಬರೆದದ್ದು ಹೆಚ್ಚು ನಾಟಿತು.

ಹಣೆಪಟ್ಟಿ ಹೊತ್ತವರ ಇತಿಹಾಸವನ್ನೂ ನೋಡಿದೆವು, ಹೆದರಿಸಲಿಕ್ಕಲ್ಲ. ಹೆರಾಲ್ಡ್ ಮೈನರ್‌ನನ್ನು ‘ಬೇಬಿ ಜೋರ್ಡನ್’ ಎಂದು ಕರೆದರು. 1992ರ ಡ್ರಾಫ್ಟ್‌ನಲ್ಲಿ 12ನೇ ಆಯ್ಕೆ, 1993 ಮತ್ತು 1995ರ ಡಂಕ್ (ಹಾರಿ ಚೆಂಡನ್ನು ರಿಂಗ್‌ನೊಳಕ್ಕೆ ತುರುಕುವುದು) ಸ್ಪರ್ಧೆಗಳ ವಿಜೇತ, ಎನ್‌ಬಿಎಯಲ್ಲಿ ಆಡಿದ್ದು ನಾಲ್ಕೇ ಸೀಸನ್. ಟೈರೀಕ್ ಇವಾನ್ಸ್ 2009-10ರಲ್ಲಿ 20 ಅಂಕ, 5 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), 5 ಅಸಿಸ್ಟ್‌ಗಳ (ಅಂಕಕ್ಕೆ ದಾರಿ ಮಾಡುವ ಪಾಸ್) ಸರಾಸರಿ ದಾಟಿದ. ಅದಕ್ಕೆ ಮುಂಚೆ ಮೊದಲ ವರ್ಷದಲ್ಲೇ ಅದನ್ನು ಮಾಡಿದ್ದವರು ಆಸ್ಕರ್ ರಾಬರ್ಟ್‌ಸನ್, ಜೋರ್ಡನ್, ಲೆಬ್ರಾನ್ ಮೂವರೇ. ಆದರೂ ಇವಾನ್ಸ್ ಒಮ್ಮೆಯೂ ಆಲ್‌ಸ್ಟಾರ್ (ವರ್ಷದ ಶ್ರೇಷ್ಠರ ಪಂದ್ಯಕ್ಕೆ ಆಯ್ಕೆಯಾದವ) ಆಗಲಿಲ್ಲ. ಇನ್ನೊಂದು ಕಡೆ, ಮೊದಲ ವರ್ಷ ಕೋಬಿ ಬ್ರಯಾಂಟ್‌ನ ಸರಾಸರಿ 7.6 ಅಂಕ, ಯಾನಿಸ್ ಆಂಟೆಟೊಕುಂಪೊನದು 6.8, ಸ್ಟೀವ್ ನ್ಯಾಶ್‌ನದು 3.3. ಮೂವರೂ ಮುಂದೆ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಮೊದಲ ವರ್ಷದ ಅಂಕಿಗಳು ಮುಂದಿನದನ್ನು ಒಳ್ಳೆಯದಕ್ಕೂ ಕೆಟ್ಟದಕ್ಕೂ ಖಚಿತವಾಗಿ ಹೇಳಲಾರವು. ಇವಾನ್ಸ್‌ನನ್ನು ಯಾರೂ ಸೋತವನೆಂದು ಕರೆಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ದಶಕದ ಹತ್ತಿರ ಈ ಲೀಗ್‌ನಲ್ಲಿ ಉಳಿಯುವುದೇ ಅಪರೂಪದ ಸಾಧನೆ.

ಅಂಕಿಗಳನ್ನು ಬಿಟ್ಟು ಬದುಕು ಎಂದು ವೃತ್ತಿಪರ ಆಟಗಾರನಿಗೆ ಹೇಳಲಾಗದು, ಒಪ್ಪಂದದ ಮಾತು ಬಂದಾಗ ಅವೇ ಮೇಜಿನ ಮೇಲಿರುತ್ತವೆ. ಆದ್ದರಿಂದ ಸರಿಯಾದ ಅಂಕಿ ನೋಡುವುದನ್ನು ಕಲಿಸಿದೆವು. ಅಂಕಗಳ ಮೊತ್ತ ಬೇಡ, ಟ್ರೂ ಶೂಟಿಂಗ್, ಅಂದರೆ ಯತ್ನಗಳಿಗೆ ತಕ್ಕಂತೆ ಎಷ್ಟು ಅಂಕ ಬಂತೆಂಬ ಲೆಕ್ಕ, ನೋಡಬೇಕು. ಯತ್ನಿಸಿದ ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ, ಯತ್ನಿಸಿದ ಶಾಟ್‌ಗಳಿಗೆ ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ, ಅದರಿಂದ ಅಂಕಗಳನ್ನು ಭಾಗಿಸಬೇಕು. 15 ಶಾಟ್, 6 ಫ್ರೀ ಥ್ರೋಗಳಲ್ಲಿ ಬಂದ 24 ಅಂಕಕ್ಕೆ ಶೇ. 68. 25 ಶಾಟ್, 4 ಫ್ರೀ ಥ್ರೋಗಳಲ್ಲಿ ಬಂದ ಅದೇ 24ಕ್ಕೆ ಶೇ. 45ಕ್ಕೂ ಕಮ್ಮಿ. ವಿಡಿಯೊ ಹರಿಯಬಿಡುವವರಿಗೆ ಎರಡೂ ರಾತ್ರಿ ಒಂದೇ, ತಂಡಕ್ಕೆ ಅಲ್ಲ. ಇನ್ನು ಮೂರು ಅಂಕದ ಶಾಟ್: ಶೇ. 35ರ ಶೂಟರ್ 40 ಎಸೆದರೆ 14 ಬೀಳಬೇಕು, ಆದರೆ 11 ಬೀಳುವುದೂ 17 ಬೀಳುವುದೂ ಮಾಮೂಲಿ ಏರಿಳಿತವೇ. ಎರಡು ವಾರದ ಶೂಟಿಂಗ್ ನೋಡಿ ತಾನು ಯಾರು ಎಂದು ತೀರ್ಮಾನಿಸಬಾರದು. ಅಂಕಿಪಟ್ಟಿ ನೋಡುವುದು ಹತ್ತು ಪಂದ್ಯಗಳಿಗೊಮ್ಮೆ, ಕೋಚ್ ಜೊತೆ ಕೂತು ಮಾತ್ರ ಎಂದು ಒಪ್ಪಂದವಾಯಿತು.

ಜೋರ್ಡನ್‌ನಿಂದ ಒಂದೇ ಒಂದು ತುಣುಕನ್ನು ಎರವಲು ತೆಗೆದುಕೊಳ್ಳುವಂತೆ ಸೂಚಿಸಿದೆವು. ಕೋಬಿ ಬ್ರಯಾಂಟ್ ಜೋರ್ಡನ್‌ನ ಪಾದಚಲನೆಯನ್ನು ಹೀಗೆ ತುಣುಕು ತುಣುಕಾಗಿ ಕಲಿತವನು, ಅದನ್ನು ಬಹಿರಂಗವಾಗಿ ಹೇಳಿಯೂ ಇದ್ದ. ದೊಡ್ಡ ಆಟಗಾರನನ್ನು ಅಳತೆಗೋಲು ಮಾಡಿಕೊಂಡರೆ ಪ್ರತಿ ರಾತ್ರಿ ಕಮ್ಮಿ ಬೀಳುತ್ತೇವೆ, ಪಾಠ ಮಾಡಿಕೊಂಡರೆ ನಾಳೆಯ ಅಭ್ಯಾಸಕ್ಕೆ ಕೆಲಸ ಸಿಗುತ್ತದೆ. ನಮ್ಮ ಆಟಗಾರ ಆರಿಸಿಕೊಂಡದ್ದು 1984-85ರ ನುಗ್ಗಾಟ: ಡಿಫೆಂಡರ್‌ನ ಮುಂದಿನ ಪಾದದ ಹೊರಬದಿಗೆ ಮೊದಲ ಉದ್ದ ಹೆಜ್ಜೆ, ಭುಜ ತಗ್ಗಿಸಿ ಒಂದು ಡ್ರಿಬಲ್, ಎರಡೂ ಪಾದಗಳ ಮೇಲೆ ನಿಂತು ಮುಗಿಸುವುದು. ದಿನಕ್ಕೆ ಎರಡೂ ಬದಿಯಿಂದ ಇಪ್ಪತ್ತೈದರಂತೆ ಐವತ್ತು, ಅದಕ್ಕಿಂತ ಹೆಚ್ಚು ಬೇಡ, ಕಾಲು ಆಗಲೇ ದಣಿದಿದೆ. ಫೇಡ್‌ಅವೇಯನ್ನು ಸೀಸನ್ ಮುಗಿಯುವವರೆಗೆ ಶಾಟ್ ಕ್ಲಾಕ್ 6 ಸೆಕೆಂಡಿಗಿಂತ ಕೆಳಗಿಳಿದಾಗ ಮಾತ್ರ.

ಪ್ರತಿ ಪಂದ್ಯಕ್ಕೂ ಮೂರು ಗುರಿ, ಮೂರೂ ಅವನ ಕೈಯಲ್ಲೇ ಇರುವಂಥವು: ಪ್ರತಿ ಕ್ವಾರ್ಟರ್‌ನಲ್ಲಿ ಕನಿಷ್ಠ ಮೂರು ಬಾರಿ ಚೆಂಡಿನೊಂದಿಗೆ ಪೇಂಟ್ ಒಳಹೊಕ್ಕುವುದು, ಚೆಂಡು ಕಳೆದುಕೊಂಡ ಕೂಡಲೇ ಮೊದಲ ಮೂರು ಹೆಜ್ಜೆ ಓಡಿಯೇ ಹಿಂತಿರುಗುವುದು, ಸ್ಕ್ರೀನ್ ಬಂದಾಗ ಬಾಯಿಬಿಟ್ಟು ಕೂಗಿ ಹೇಳುವುದು. ಲೆಕ್ಕ ಇಡುವುದು ಸಹಾಯಕ ಕೋಚ್ ಕೆಲಸ, ಆಟಗಾರನದಲ್ಲ. ಫ್ರೀ ಥ್ರೋಗೆ ನಿಯಮದ ಪ್ರಕಾರ 10 ಸೆಕೆಂಡು ಇದೆ, ಅವನು ಮೂರರಲ್ಲೇ ಎಸೆದುಬಿಡುತ್ತಿದ್ದ. ಗೆರೆಯ ಹಿಂದೆ ನಿಂತು ನಿಧಾನವಾಗಿ ಉಸಿರು ಬಿಡುವುದು, ಮುಂದೆ ಬಂದು ಮೂರು ಡ್ರಿಬಲ್, ಕಣ್ಣು ರಿಂಗ್‌ನ ಹಿಂಬದಿಯ ಮೇಲೆ, ಮನಸ್ಸಿನಲ್ಲಿ ‘ಮೇಲೆ’ ಎಂಬ ಒಂದೇ ಪದ, ಎಸೆತ. ಅಭ್ಯಾಸದ ಕೊನೆಯಲ್ಲಿ ಓಡಿ ದಣಿದ ಮೇಲೆ ಎರಡೆರಡರಂತೆ ಎಸೆಯಬೇಕು, ಸಾಲಾಗಿ ನೂರು ಎಸೆದರೆ ಪಂದ್ಯದ ಸ್ಥಿತಿ ಬರುವುದಿಲ್ಲ.

ಫೋನಿನ ಆ್ಯಪ್‌ಗಳನ್ನು ಅಳಿಸಲು ಹೇಳಲಿಲ್ಲ. ಅಳಿಸಿದವರು ವಾರದೊಳಗೆ ಮತ್ತೆ ಹಾಕಿಕೊಳ್ಳುತ್ತಾರೆ, ಮೇಲೆ ಪಾಪಪ್ರಜ್ಞೆ ಬೇರೆ. ಪಂದ್ಯಕ್ಕೆ ಎರಡು ಗಂಟೆ ಮುಂಚೆ ಫೋನ್ ತಂಡದ ಸಿಬ್ಬಂದಿಯೊಬ್ಬರ ಕೈಗೆ, ವಾಪಸ್ ಸಿಗುವುದು ಸ್ನಾನ, ಊಟ ಆದ ಮೇಲೆ, ತನ್ನ ಹೆಸರು ಹುಡುಕುವುದು ಮಾರನೇ ದಿನ ಮಧ್ಯಾಹ್ನದ ನಂತರ. ಎನರ್ಜಿ ಡ್ರಿಂಕ್ ಒಂದಕ್ಕೆ ಇಳಿಯಿತು, ಆಮೇಲೆ ನಿಂತಿತು. ಪತ್ರಕರ್ತರಿಗೆ ಎರಡೇ ವಾಕ್ಯ: “ಅವರು ಈ ಆಟದ ಅತಿ ದೊಡ್ಡವರಲ್ಲಿ ಒಬ್ಬರು. ಈ ವಾರ ನಾನು ನನ್ನ ಎಡಗೈ ಮೇಲೆ ಕೆಲಸ ಮಾಡ್ತಿದ್ದೀನಿ.” ಸಿಟ್ಟಿನಿಂದ ತಳ್ಳಿಹಾಕಿದರೂ ಶೀರ್ಷಿಕೆ, ನಕ್ಕು ಒಪ್ಪಿಕೊಂಡರೂ ಶೀರ್ಷಿಕೆ. ಎರಡನೇ ವಾಕ್ಯ ಪ್ರತಿ ವಾರ ಬದಲಾಗಬೇಕು, ಮತ್ತು ನಿಜವಿರಬೇಕು.

ತಂದೆಯೊಂದಿಗೆ ಒಂದು ಭೇಟಿ ಬೇಕಾಯಿತು. ಮಗನ ಪ್ರತಿ ಪಂದ್ಯದ ಅಂಕಗಳ ಎದುರಿಗೆ ಜೋರ್ಡನ್‌ನ ಅಷ್ಟನೇ ಪಂದ್ಯದ ಅಂಕ ಬರೆಯುತ್ತಿದ್ದ ನೋಟ್‌ಬುಕ್ ಅವರದು. ಪ್ರೀತಿಯಿಂದಲೇ ಬರೆಯುತ್ತಿದ್ದರು. ‘ನೋಟ್‌ಬುಕ್ ನಿಲ್ಲಿಸಬೇಡಿ, ಆ ಎರಡನೇ ಕಾಲಂನಲ್ಲಿ ಪಂದ್ಯದಲ್ಲಿ ನಿಮಗೆ ಇಷ್ಟವಾದ ಒಂದು ಆಟವನ್ನು ಬರೆಯಿರಿ’ ಎಂದು ಕೇಳಿಕೊಂಡೆವು. ಪಂದ್ಯದ ನಂತರದ ಕರೆಯಲ್ಲಿ ಮೊದಲ ಮಾತು “ಊಟ ಆಯ್ತಾ ಮಗಾ?” ಎಂದಿರಲಿ, ಆಟದ ವಿಷಯ ಮಗ ತೆಗೆದರೆ ಮಾತ್ರ. ಅವರು ಮೊದಲಿಗೆ ಬೇಸರಪಟ್ಟುಕೊಂಡರು. ಅದು ಸಹಜ, ಅವರು ಅಷ್ಟು ವರ್ಷ ಕಾದಿದ್ದರು.

ಐದನೇ ವಾರ ಎಲ್ಲವೂ ಮಗುಚಿತು. ಹುಡುಗ ಸೀಸನ್ನಿನ ತನ್ನ ಅತ್ಯುತ್ತಮ ಪಂದ್ಯ ಆಡಿದ, ವಿಡಿಯೊಗಳು ಮತ್ತೆ ಹರಿದವು, ಮುಂದಿನ ಎರಡು ಪಂದ್ಯಗಳಲ್ಲಿ ಫೇಡ್‌ಅವೇ ವಾಪಸ್ ಬಂತು. ಇದನ್ನು ಸಲಹೆಗಾರರು ಮೊದಲೇ ನಿರೀಕ್ಷಿಸಿ ಆಟಗಾರನಿಗೆ ಹೇಳಿಟ್ಟಿರಬೇಕು: ಕೆಟ್ಟ ಪಂದ್ಯದ ನಂತರ ಹೋಲಿಕೆ ನೋಯಿಸುತ್ತದೆ, ಒಳ್ಳೆಯ ಪಂದ್ಯದ ನಂತರ ಅದು ಪುಸಲಾಯಿಸುತ್ತದೆ, ಆಟ ಕೆಡುವುದು ಹೆಚ್ಚಾಗಿ ಎರಡನೆಯದರಿಂದಲೇ. ಅದಕ್ಕೊಂದು ಚೀಟಿ ಮಾಡಿಸಿದ್ದೆವು, ಒಳ್ಳೆಯ ಪಂದ್ಯದ ಮಾರನೇ ಬೆಳಗ್ಗೆ ತೆರೆಯುವುದಕ್ಕೆ. ಅದರಲ್ಲಿ ಅವನದೇ ಕೈಬರಹದಲ್ಲಿ ಮೂರು ಗುರಿಗಳು, ಕೆಳಗೆ ‘ಇವತ್ತೂ ಐವತ್ತು’ ಎಂದಿತ್ತು. ಮೂರನೇ ಪಂದ್ಯಕ್ಕೆ ಅವನು ಮತ್ತೆ ಪೇಂಟ್ ಒಳಕ್ಕೆ ಹೋಗತೊಡಗಿದ.

ಸೀಸನ್ ಮುಗಿಯುವ ಹೊತ್ತಿಗೆ ನಿದ್ದೆ ಸರಿಹೋಗಿತ್ತು, ಫ್ರೀ ಥ್ರೋ ಯತ್ನಗಳು ಹೆಚ್ಚಿದ್ದವು. ಶೂಟಿಂಗ್ ಪೂರ್ತಿ ಸುಧಾರಿಸಲಿಲ್ಲ, ಅದಕ್ಕೆ ವಿಶ್ರಾಂತಿಯೂ ಕಾಲಿನ ಬಲವೂ ಬೇಕು, ಮಾತುಕತೆ ಸಾಲದು. ಎರಡು ವಾರಕ್ಕೂ ಮೀರಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮಲಗಲು ಮದ್ಯ ಅಥವಾ ಮಾತ್ರೆ ಬೇಕೆನಿಸಿದರೆ, ಬದುಕೇ ಬೇಡವೆಂಬ ಮಾತು ಒಮ್ಮೆ ಬಂದರೂ, ಆಪ್ತಸಲಹೆಯಲ್ಲೇ ಎಳೆಯದೆ ಮನೋವೈದ್ಯರ ಬಳಿ ಕಳುಹಿಸಬೇಕು. ಇವನಿಗೆ ಅದು ಬೇಕಾಗಲಿಲ್ಲ. ಎರಡನೇ ಸೀಸನ್‌ಗೆ ಎರಡು ವಾರಕ್ಕೊಂದು ಭೇಟಿ ನಿಗದಿಯಾಗಿದೆ, ಮೊದಲ ಭೇಟಿ ಅಭ್ಯಾಸ ಶಿಬಿರ ಶುರುವಾಗುವ ಮುಂಚಿನ ವಾರ. ಅಷ್ಟರೊಳಗೆ ಅವನು 20ರ ವಯಸ್ಸಿಗೆ ಕಲಿಯಬೇಕಾದ ಎರಡನೇ ತುಣುಕನ್ನು ಆರಿಸಿ ತರಬೇಕು. ಅದು ಜೋರ್ಡನ್‌ನದೇ ಆಗಬೇಕೆಂದಿಲ್ಲ.