ಜಾಟ್ಜಿಕಿ ನೀರಾಗುವುದೇಕೆ?

ಪ್ರಶ್ನೆ: ಆಹಾರ ಮೇಳದಲ್ಲಿ ತಿಂದ ಗ್ರೀಕ್ ಜಾಟ್ಜಿಕಿ (ಮೊಸರು, ಸೌತೆಯ ಪಚಡಿ) ಚಮಚದಲ್ಲಿ ನಿಲ್ಲುವಷ್ಟು ಗಟ್ಟಿಯಾಗಿತ್ತು. ಮನೆಯಲ್ಲಿ ಮಾಡಿದರೆ ಅರ್ಧ ಗಂಟೆಗೇ ನೀರಾಗುತ್ತದೆ, ಹುಳಿಯೂ ಹೆಚ್ಚು. ತಪ್ಪೆಲ್ಲಿ? ಜೊತೆಗೆ ಯಾವ ಮೀನು, ಯಾವ ವೈನ್ ಹೊಂದುತ್ತದೆ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ನೀರು ಬರುವುದು ಮೊಸರು, ಸೌತೆ ಎರಡರಿಂದಲೂ. ಅರ್ಧ ಲೀಟರ್ ಗಟ್ಟಿ ಹಾಲಿನ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು ಫ್ರಿಜ್ಜಿನಲ್ಲಿ ಐದಾರು ಗಂಟೆ ಬಿಡಿ. ಸುಮಾರು ಅರ್ಧಕ್ಕೆ ಇಳಿಯಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗೆ ತೂಗುಹಾಕಿದರೆ ನೀರು ಇಳಿಯುವಷ್ಟರಲ್ಲಿ ಹುಳಿಯೂ ಏರಿರುತ್ತದೆ.

ಸಾಂಬಾರಿನ ಮಂಗಳೂರು ಸೌತೆ ಇದಕ್ಕಲ್ಲ. ಎಳೆ ಮುಳ್ಳುಸೌತೆ ಒಂದನ್ನು ಬೀಜ ತೆಗೆದು ತುರಿದು, ಅರ್ಧ ಟೀ ಚಮಚ ಉಪ್ಪು ಬೆರೆಸಿ 20 ನಿಮಿಷ ಬಿಟ್ಟು, ಮುಷ್ಟಿಯಲ್ಲಿ ಬಲವಾಗಿ ಹಿಂಡಿ. ಹಿಂಡದಿದ್ದರೆ ಆ ನೀರನ್ನು ಉಪ್ಪು ಮೊಸರಿನೊಳಗೇ ಬಿಡಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಆಮೇಲೆ ಜಜ್ಜಿದ ಬೆಳ್ಳುಳ್ಳಿ ಒಂದು ಎಸಳು, ಆಲಿವ್ ಎಣ್ಣೆ ಒಂದು ದೊಡ್ಡ ಚಮಚ, ವಿನೆಗರ್ ಒಂದು ಟೀ ಚಮಚ, ಸ್ವಲ್ಪ ಸಬ್ಬಸಿಗೆ ಸೊಪ್ಪು. ಒಗ್ಗರಣೆ ಬೇಡ, ಸೊಪ್ಪಿನ ಪರಿಮಳ ಮುಚ್ಚಿಹೋಗುತ್ತದೆ. ಉಪ್ಪು ಕೊನೆಗೆ ರುಚಿ ನೋಡಿಯೇ ಹಾಕಿ.

ಮೀನಿಗೆ ಬಂಗುಡೆಯೇ ಚಂದ. ಮಸಾಲೆ ಹಚ್ಚದೆ ಉಪ್ಪು, ಒರೆಗಾನೊ, ಆಲಿವ್ ಎಣ್ಣೆ ಸವರಿ ಕೆಂಡದ ಮೇಲೆ ಸುಟ್ಟು, ತಿನ್ನುವಾಗ ಲಿಂಬೆ ಹಿಂಡಿ. ಕೆಂಪು ವೈನ್ ಬೇಡ, ಎಣ್ಣೆಮೀನಿನ ಜೊತೆ ಬಾಯಲ್ಲಿ ಲೋಹದ ರುಚಿ ಬರುತ್ತದೆ. ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಬಿಳಿ ವೈನ್ ಅಸಿರ್ಟಿಕೊ ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ಸಿಗದಿದ್ದರೆ ನಾಸಿಕ್‌ನ ಬಿಳಿ ವೈನ್ ಸೊವಿನ್ಯೊನ್ ಬ್ಲಾಂಕ್ ಸಾಕು. ಎರಡನ್ನೂ 8ರಿಂದ 10 ಡಿಗ್ರಿಗೆ ತಣಿಸಿ ಬಡಿಸಿ.