ಸೂಟ್ ಥೆರಪಿಗೆ ಒಡವೆ ಅಡವಿಡಲೇ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಏಳು ತಿಂಗಳಿಗೇ ಹುಟ್ಟಿದವನು. ಎರಡೂ ಕಾಲು ಬಿಗಿ, ತುದಿಗಾಲಲ್ಲಿ ನಿಲ್ಲುತ್ತಾನೆ, ಕೈ ಹಿಡಿದರೆ ನಾಲ್ಕಾರು ಹೆಜ್ಜೆ ಇಡುತ್ತಾನೆ. ಮಾತು, ತಿಳಿವಳಿಕೆ ಚೆನ್ನಾಗಿದೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಚಲನೆಗೆ ಬರುವ ತೊಂದರೆ) ಎಂದಿದ್ದಾರೆ. ವಾರಕ್ಕೆ ಎರಡು ದಿನ ಫಿಜಿಯೋಥೆರಪಿ ಮಾಡಿಸುತ್ತಿದ್ದೇವೆ. ಈಗ ಒಂದು ಕೇಂದ್ರದವರು ಎಲಾಸ್ಟಿಕ್ ಪಟ್ಟಿಗಳ ಸೂಟ್ ಹಾಕಿ ದಿನಕ್ಕೆ ನಾಲ್ಕು ಗಂಟೆಯಂತೆ ನಾಲ್ಕು ವಾರ ಮಾಡಿಸಿದರೆ ನಡೆದೇ ನಡೆಯುತ್ತಾನೆ ಅನ್ನುತ್ತಿದ್ದಾರೆ. ಒಡವೆ ಅಡವಿಟ್ಟರೆ ದುಡ್ಡು ಹೊಂದುತ್ತದೆ. ಐದು ವರ್ಷ ದಾಟಿದರೆ ಏನೂ ಮಾಡಲಾಗದು ಎನ್ನುವುದು ನಿಜವೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಒಡವೆ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ, ತಾಯಿ.

ಆ ಸೂಟ್‌ನ ಮೂಲ ಸೋವಿಯತ್ ಒಕ್ಕೂಟದ ‘ಪೆಂಗ್ವಿನ್’ ಉಡುಪು. ತೂಕವಿಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸ್ನಾಯು ಸೊರಗದಿರಲೆಂದು ಮಾಡಿದ್ದು. 1990ರ ದಶಕದಲ್ಲಿ ಅದನ್ನೇ ಮಕ್ಕಳಿಗೆ ಹೊಂದಿಸಿ ‘ಅದೇಲಿ ಸೂಟ್’ ಎಂದರು. ಇಸ್ರೇಲ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 24 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೂಟ್ ಹಾಕಿ, ಇನ್ನೊಂದಕ್ಕೆ ಸೂಟ್ ಇಲ್ಲದೆ, ಅಷ್ಟೇ ಹೊತ್ತು ಚಿಕಿತ್ಸೆ ಕೊಟ್ಟರು. ತಿಂಗಳ ಕೊನೆಗೆ ಎರಡೂ ಗುಂಪಿನ ಮಕ್ಕಳು ಸ್ವಲ್ಪ ಸುಧಾರಿಸಿದ್ದರು. ಕೂರುವ, ನಿಲ್ಲುವ, ನಡೆಯುವ ಸಾಮರ್ಥ್ಯದಲ್ಲಿ ಸೂಟ್ ಹಾಕಿದವರು ಮುಂದೆ ಹೋಗಿರಲಿಲ್ಲ. ಫಲ ಕೊಟ್ಟದ್ದು ಮಕ್ಕಳು ದುಡಿದ ಗಂಟೆಗಳು ಎಂದೇ ನಾನು ಓದಿಕೊಳ್ಳುತ್ತೇನೆ. ಆ ಗಂಟೆಗಳನ್ನು ನಿಮ್ಮ ಮನೆಯಲ್ಲೂ ಕೂಡಿಸಬಹುದು.

ಗಂಟೆಗಳೆಂದರೆ ಎಣ್ಣೆ ಉಜ್ಜುವುದಲ್ಲ, ಅಳುವ ಮಗುವಿನ ಕಾಲು ಜಗ್ಗುವುದಂತೂ ಅಲ್ಲ. ಮಗು ತಾನೇ ಮಾಡಬೇಕು, ತನಗೆ ಬೇಕಾದ್ದಕ್ಕೆ ಮಾಡಬೇಕು. ಮಣೆಗಿಂತ ತುಸು ಎತ್ತರದ ಸ್ಟೂಲ್ ಮೇಲೆ ಪಾದ ಪೂರ್ತಿ ನೆಲಕ್ಕೆ ತಾಗುವಂತೆ ಕೂರಿಸಿ. ಅವನಿಗಿಷ್ಟವಾದ ಆಟದ ಸಾಮಾನು ಎದುರಿನ ಕಪಾಟಿನಲ್ಲಿ ಅವನ ಎದೆಯ ಮಟ್ಟಕ್ಕಿರಲಿ. ಎದ್ದು ತೆಗೆಯಲಿ, ಕೂತು ಆಡಲಿ, ಮತ್ತೆ ಏಳಲಿ. ಏಳುವಾಗ ನಿಮ್ಮ ಕೈ ಮಂಡಿಯ ಹತ್ತಿರವಿರಲಿ, ಕಂಕುಳಲ್ಲಿ ಬೇಡ. ಅಲ್ಲಿ ಹಿಡಿದರೆ ಎತ್ತಿಬಿಡುತ್ತೀರಿ, ಕಾಲಿಗೆ ಕೆಲಸ ಉಳಿಯುವುದಿಲ್ಲ. ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಸಾಕು. ತಿಂಗಳಿಗೆ ಒಂದೇ ಗುರಿ ಇಟ್ಟುಕೊಳ್ಳಿ, ಅದನ್ನು ನಿಮ್ಮ ಫಿಜಿಯೋ ಜತೆ ಕೂತು ನಿರ್ಧರಿಸಿ. ‘ಗೋಡೆ ಹಿಡಿದು ಬಚ್ಚಲಿಗೆ ಹೋಗುವುದು’ ಎಂಬುದು ಒಳ್ಳೆಯ ಗುರಿ. ‘ನಡೆಯುವುದು’ ಅನ್ನುವುದು ಗುರಿಯಾಗಲು ತೀರಾ ದೊಡ್ಡದು.

ಐದು ವರ್ಷದ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಚಲನೆಯ ಸಾಮರ್ಥ್ಯವನ್ನು ಜಿಎಂಎಫ್‌ಸಿಎಸ್ ಎಂಬ ಐದು ಹಂತಗಳಲ್ಲಿ (ಒಂದು ಹಗುರ, ಐದು ತೀವ್ರ) ಅಳೆಯುತ್ತಾರೆ. ಕೆನಡಾದ ತಂಡವೊಂದು 2002ರಲ್ಲಿ ತೋರಿಸಿದಂತೆ, ಸುಮಾರು ಐದು ವರ್ಷದೊಳಗೆ ಮಗು ತನ್ನ ಹಂತಕ್ಕೆ ತಕ್ಕ ಸಾಮರ್ಥ್ಯದ ಬಹುಪಾಲನ್ನು ಮುಟ್ಟಿರುತ್ತದೆ. ಇದರರ್ಥ ಬಾಗಿಲು ಮುಚ್ಚುತ್ತದೆ ಎಂದಲ್ಲ. ಹಂತ ಯಾವುದೆಂದು ಹೇಳದೆ ‘ನಡೆದೇ ನಡೆಯುತ್ತಾನೆ’ ಅನ್ನುವವರನ್ನು ನಂಬಬೇಡಿ ಎಂದು. ನಿಮ್ಮ ಮಗನದು ಮೂರನೇ ಹಂತವಾಗಿದ್ದರೆ ಅವನು ವಾಕರ್ ಹಿಡಿದು ಶಾಲೆಯ ವರಾಂಡ ದಾಟುತ್ತಾನೆ. ಅದೂ ನಡಿಗೆಯೇ. ವಾಕರ್ ಕಂಡರೆ ಅಪ್ಪ ಅಮ್ಮಂದಿರ ಮುಖ ಬಾಡುತ್ತದೆ. ಮಕ್ಕಳ ಮುಖ ಅರಳುವುದನ್ನು ನಾನು ನೋಡಿದ್ದೇನೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯವೇ ನನಗೆ ಹೆಚ್ಚು ಚಿಂತೆ: ಸೊಂಟದ ಎಕ್ಸ್‌ರೇ. ಈ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ತೊಡೆಮೂಳೆಯ ತಲೆ ಗುಣಿಯಿಂದ ಮೆಲ್ಲಗೆ ಜಾರುತ್ತದೆ. ಮೊದಮೊದಲು ನೋವೇ ಇರುವುದಿಲ್ಲ. ಶೇ 30ಕ್ಕಿಂತ ಹೆಚ್ಚು ಜಾರಿದ್ದರೆ ಮಕ್ಕಳ ಮೂಳೆತಜ್ಞರು ನೋಡಲೇಬೇಕು. ಸೂಟ್ ಹಾಕಿಸಲಿ ಬಿಡಲಿ, ಇದನ್ನು ಮೊದಲು ಮಾಡಿಸಿ.

ದುಡ್ಡಿನ ವಿಷಯಕ್ಕೆ ಬರೋಣ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಗೆ ಅರ್ಜಿ ಹಾಕಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ; ಥೆರಪಿಯ ಖರ್ಚೂ ಒಂದು ಮಿತಿಯೊಳಗೆ ಸಿಗುತ್ತದೆ, ಬಿಲ್ ಜೋಪಾನ. ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಎಂದು ಕೇಳಿಕೊಂಡು ಹೋಗಿ.

ಪ್ರಶ್ನೆ: ಆರು ವರ್ಷದ ಮಗಳು ಬಲಗೈ ಬಳಸುವುದೇ ಇಲ್ಲ, ಆ ಬದಿ ಹುಟ್ಟಿನಿಂದಲೇ ಬಲಹೀನ. ಒಳ್ಳೆಯ ಕೈ ಕಟ್ಟಿಹಾಕುವ ಚಿಕಿತ್ಸೆ ಇದೆಯಂತೆ. ಕ್ರೂರ ಅನ್ನಿಸುತ್ತದೆ.
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಒರಟಾಗಿ ಮಾಡಿದರೆ ಕ್ರೂರವೇ. ಆಟವಾಗಿ ಮಾಡಿದರೆ, ಒಂದೇ ಬದಿ ಬಲಹೀನವಾದ ಮಕ್ಕಳಿಗೆ ಇಷ್ಟು ಗಟ್ಟಿ ಪುರಾವೆಯಿರುವ ಚಿಕಿತ್ಸೆ ಕಡಿಮೆ. ಎಡಗೈಗೆ ಮೆತ್ತನೆಯ ಗವಸು ಹಾಕಿ, ಬಲಗೈಯಿಂದ ಕಡಲೆಬೀಜ ಆರಿಸುವುದು, ಚಪಾತಿ ಹಿಟ್ಟು ಒತ್ತುವುದು, ಬಿಂದಿ ಕೀಳುವುದು ಮಾಡಿಸಿ. ಕೈಯ ಒಟ್ಟು ಬಳಕೆ ಸುಧಾರಿಸಲು 30ರಿಂದ 40 ಗಂಟೆ ಅಭ್ಯಾಸ ಬೇಕೆಂದು ಸಂಶೋಧಕರ ಅಂದಾಜು. ಅದನ್ನು ಬೇಸಿಗೆ ರಜೆಗೆ ಹಂಚಿಕೊಳ್ಳಿ. ಆಮೇಲೆ ಗವಸು ತೆಗೆದು ಎರಡೂ ಕೈ ಬೇಕಾಗುವ ಕೆಲಸ ಕೊಡಿ: ಬಾಟಲಿ ಮುಚ್ಚಳ, ಅಂಗಿ ಗುಂಡಿ, ಹೂ ಕಟ್ಟುವುದು. ಶಾಲೆಗೆ ಮಾತ್ರ ಗವಸು ಕಳಿಸಬೇಡಿ. ಅವಳು ಬರೆಯುವುದು ಆ ಎಡಗೈಯಲ್ಲೇ.