ಹೇಳದೆ ಹೋಗಬೇಡಿ, ಅಕ್ಕಾ

ಪ್ರಶ್ನೆ: ನನಗೆ 64 ವರ್ಷ. ಉಡುಪಿ ಕಡೆಯ ಹಳ್ಳಿಗೆ ಮದುವೆಯಾಗಿ ಬಂದವಳು. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಈಗ ಮನೆ ಮಾರಿ ಬೆಂಗಳೂರಿನ ಮಗನ ಹತ್ತಿರ ಹೋಗುವುದು ಅಂತ ತೀರ್ಮಾನವಾಗಿದೆ. ನಮ್ಮ ಇಗರ್ಜಿಯ (ಚರ್ಚಿನ) ಬಲಿಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ 26 ವರ್ಷದಿಂದ ನನ್ನದು. ನಮ್ಮ ವಾಳೆಯವರು (ಇಗರ್ಜಿಯ ನಮ್ಮ ವಾರ್ಡಿನ ಮನೆಗಳವರು) ಬೀಳ್ಕೊಡುಗೆ ಸಮಾರಂಭ ಮಾಡುತ್ತೇವೆ ಅನ್ನುತ್ತಿದ್ದಾರೆ. ಶಾಲು, ಭಾಷಣ ನೆನೆದರೇ ಗಂಟಲು ಕಟ್ಟುತ್ತದೆ. ತಾರೀಕು ಹೇಳದೆ, ಭಾನುವಾರದ ಪೂಜೆ ಮುಗಿಸಿ ಸುಮ್ನೆ ಕಾರು ಹತ್ತಿಬಿಡಲೇ? ಅಂದಹಾಗೆ, ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದ ಒಬ್ಬರ ಹತ್ತಿರ ನಾಲ್ಕು ವರ್ಷದಿಂದ ಮಾತಿಲ್ಲ. ಮೊಂತಿ ಹಬ್ಬದ (ಮೇರಿ ಮಾತೆಯ ಜನ್ಮದಿನದ, ಹೊಸ ತೆನೆಯ ಹಬ್ಬದ) ಹೂವಿನ ಅಲಂಕಾರದ ವಿಷಯಕ್ಕೆ ಶುರುವಾಗಿದ್ದು.

ಉತ್ತರ: ಅಕ್ಕಾ, ಹಾಗೆ ಕಾರು ಹತ್ತಬೇಡಿ. ಶಾಲು ಬೇಡ ಅನ್ನಿ, ಭಾಷಣ ಬೇಡ ಅನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಹೇಳದೆ ಮಾತ್ರ ಹೋಗಬೇಡಿ.

ನಾನು ಒಮ್ಮೆ ಹಾಗೆ ಮಾಡಿದ್ದೇನೆ. ಅಳು ತಪ್ಪಿಸಿಕೊಳ್ಳಲು, ವರ್ಷಗಟ್ಟಲೆ ಇದ್ದ ಬೀದಿಯನ್ನು ಬೆಳಗಿನ ಐದಕ್ಕೇ ಬಿಟ್ಟು ಬಂದೆ. ಎಂಟು ಗಂಟೆಗೆ ಎದುರುಮನೆಯ ಅಜ್ಜಿ ದಾರಿಗೆ ಬುತ್ತಿ ಕಟ್ಟಿಕೊಂಡು ಬಂದು ಬಾಗಿಲು ತಟ್ಟಿದರಂತೆ. ಆಮೇಲೆ ಅವರನ್ನು ನೋಡಲು ನನಗೆ ಆಗಲೇ ಇಲ್ಲ. ಆ ಬುತ್ತಿ ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ. ಬೀಳ್ಕೊಡುವುದರಲ್ಲಿ ಉಳಿಯುವವರದ್ದೂ ಒಂದು ಪಾಲಿದೆ ಅಲ್ವಾ? ಯಜಮಾನರನ್ನು ಮಣ್ಣು ಮಾಡಿದ ದಿನ ನಿಮ್ಮ ಅಂಗಳದಲ್ಲಿ ನಿಂತ ಜನ ಇವರು.

ವಾಳೆಯ ಮುಖಂಡರಾದ ಗುರಿಕಾರರಿಗೆ ಹೀಗೆ ಹೇಳಿ ನೋಡಿ: "ವೇದಿಕೆ ಬೇಡ, ನಮ್ಮ ಮನೆಯಲ್ಲೇ ಒಂದು ಸಂಜೆ ತೇರ್ಸ್ ಮಾಡೋಣ." ಈ ಜಪಮಾಲೆ ಪ್ರಾರ್ಥನೆಯನ್ನು ಸಾಮಾನು ಕಟ್ಟುವ ಮೊದಲೇ ಇಟ್ಟುಕೊಳ್ಳಿ. ದೇವರ ಪಟ ಗೋಡೆಯಲ್ಲಿ ಇರುವಾಗಲೇ. ಚಾಪೆ ಹಾಸಿ, ಮೇಣದಬತ್ತಿ ಹಚ್ಚಿ, ಆಮೇಲೆ ಚಹಾ ಕೊಡಿ. ಅಳು ಬಂದರೆ ಅಳಿ. ಭಾಷಣ ಮಾಡಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಹೊರಡುವ ಮೊದಲು ಫಾದರ್ ಹತ್ತಿರ ಇಗರ್ಜಿಯ ಹಳೆಯ ದಾಖಲೆ ಪುಸ್ತಕ ತೋರಿಸಲು ಕೇಳಿ. ಮಗನಿಗೆ ದೀಕ್ಷಾಸ್ನಾನ ಅಲ್ಲೇ ಆಗಿದ್ದರೆ ಅವನ ಹೆಸರು ಅದರಲ್ಲಿದೆ. ಅವನು ಎಲ್ಲೇ ಮದುವೆಯಾದರೂ ಅದರ ವಿವರ ಆ ಇಗರ್ಜಿಗೆ ಬಂದು, ಅವನ ಹೆಸರಿನ ಜೊತೆಗೇ ಬರೆದಿಡಬೇಕು ಅನ್ನುವುದು ಕೆಥೋಲಿಕರ ನಿಯಮ. ಯಜಮಾನರ ಹೆಸರು ಮರಣದ ಪುಸ್ತಕದಲ್ಲಿದೆ. ಮನೆ ಮಾರಿದರೂ ಈ ಸಾಲುಗಳನ್ನು ಯಾರೂ ಅಳಿಸುವುದಿಲ್ಲ. ಒಮ್ಮೆ ಕಣ್ಣಾರೆ ನೋಡಿಕೊಂಡು ಹೊರಡಿ.

"ಪ್ರತಿ ಹಬ್ಬಕ್ಕೂ ಬರ್ತೇನೆ" ಅಂತ ಮಾತ್ರ ಯಾರಿಗೂ ಮಾತು ಕೊಡಬೇಡಿ. ಎರಡನೇ ವರ್ಷಕ್ಕೇ ಅದು ತಪ್ಪುತ್ತದೆ, ಆಮೇಲೆ ಫೋನ್ ಮಾಡಲೂ ಮುಜುಗರ. ಒಂದು ದಿನ ಹಿಡಿದುಕೊಳ್ಳಿ. ನವೆಂಬರ್ 2, ಸತ್ತವರ ದಿನ. ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಲು ನಿಮ್ಮನ್ನು ಕರೆದುಕೊಂಡು ಬರುವುದು ಮಗನ ಹೊಣೆ. ಇದನ್ನು ಈಗಲೇ ಅವನಿಗೆ ಹೇಳಿಬಿಡಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಬರಲು ಆಗದಿದ್ದರೆ, ಆಶೀರ್ವದಿಸಿದ ತೆನೆಯ ನಾಲ್ಕು ಕಾಳು ಕಳಿಸಿಕೊಡಿ ಅಂತ ಪಕ್ಕದ ಮನೆಯವರಲ್ಲಿ ಕೇಳಿ. ದೂರದಲ್ಲಿರುವ ಮಕ್ಕಳಿಗೆ ನೀವೇ ಎಷ್ಟು ಸಲ ಹಾಗೆ ಕಳಿಸಿಲ್ಲ!

ಬೆಂಗಳೂರಿನಲ್ಲಿ ಮೊದಲ ಭಾನುವಾರವೇ ಹತ್ತಿರದ ಚರ್ಚಿಗೆ ಹೋಗಿ ಹೆಸರು ಕೊಡಿ. ಅಲ್ಲಿ ಕೆಲವು ಚರ್ಚುಗಳಲ್ಲಿ ಕೊಂಕಣಿ ಪೂಜೆಯೂ ಇದೆ, ಮಗನಿಗೆ ವಿಚಾರಿಸಲು ಹೇಳಿ.

ಇನ್ನು ಆ "ಅಂದಹಾಗೆ". ಶಾಲಿಗಿಂತ ಜಾಸ್ತಿ ನಿಮ್ಮ ಗಂಟಲು ಕಟ್ಟಿಸುತ್ತಿರುವುದು ಅದೇ ಅಂತ ನನಗೆ ಅನ್ನಿಸುತ್ತದೆ. ಸಮಾರಂಭದಲ್ಲಿ ಎಲ್ಲರೂ ಬಂದು ಕೈ ಹಿಡಿಯುತ್ತಾರೆ. ಮಾತು ಬಿಟ್ಟ ಅವರು ಬಂದರೆ ಏನು ಮಾಡಲಿ, ಬಾರದಿದ್ದರೆ ಏನು ಮಾಡಲಿ ಅಂತ ಹೆದರಿದ್ದೀರಿ.

ನಿಮ್ಮ ಕೈಕೆಲಸವನ್ನು ಯಾರಿಗಾದರೂ ಕಲಿಸಲೇಬೇಕು ತಾನೇ? ಪೂಜೆಯ ಪಾತ್ರೆ ಒರೆಸಿದ ಬಟ್ಟೆ ಜಾಲಿಸಿದ ಮೊದಲ ನೀರನ್ನು ಚರಂಡಿಗೆ ಬಿಡದೆ ಮಣ್ಣಿಗೆ ಸುರಿಯಬೇಕು. ಮೇಣ ಬಿದ್ದ ಕಡೆ ಕಾಗದ ಇಟ್ಟು ಇಸ್ತ್ರಿ ಒತ್ತಬೇಕು. ಪ್ರಸಾದದ ರೊಟ್ಟಿಯ ಚೂರು ಬಿದ್ದರೂ ಒಳಗೇ ಉಳಿಯುವ ಹಾಗೆ, ಬಲಿಪೀಠದ ಮೇಲೆ ಹಾಸುವ ಚೌಕದ ಬಟ್ಟೆ ಮಡಚಬೇಕು. ಇದೆಲ್ಲ ಒಂದು ಮಧ್ಯಾಹ್ನದಲ್ಲಿ ಹೊಸಬರಿಗೆ ಬರುವುದಿಲ್ಲ. ನಿಮ್ಮ ಜೊತೆ ದುಡಿದ ಅವರಿಗೆ ಅರ್ಧ ಗೊತ್ತೇ ಇರುತ್ತದೆ. ಆ ಬಟ್ಟೆಗಳ ಬೀರುವಿನ ಕೀಲಿಯನ್ನು ಅವರಿಗೆ ಕೊಡಬಹುದೇ ಅಂತ ಫಾದರ್‌ಗೆ ಒಂದು ಮಾತು ಕೇಳಿ. ಒಪ್ಪಿದರೆ, ತೇರ್ಸ್‌ಗೆ ಕರೆಯಲು ಮೊದಲು ಅವರ ಮನೆಗೇ ಹೋಗಿ. ಹೂವಿನ ವಿಷಯ ಎತ್ತಬೇಡಿ, ಯಾರದ್ದು ತಪ್ಪು ಅನ್ನುವ ಲೆಕ್ಕವೂ ಬೇಡ. ಬಾಯಿ ಬಾರದಿದ್ದರೆ ಇಷ್ಟು ಕೇಳಿ: "ಬಟ್ಟೆಗೆ ಗಂಜಿ ಎಷ್ಟು ಹಾಕಬೇಕು ಅಂತ ತೋರಿಸ್ತೇನೆ, ನಾಳೆ ಬರ್ತೀರಾ?"